ಎರಡು ಬೆರಳಿನಷ್ಟು ಬಾಯಿ

ಪಾನಿಪೂರಿ ನನ್ನ ಬಾಯೊಳಗೆ ಹೋಗಲಿಲ್ಲ.

ಕಾಯಿಲೆ ಅಲ್ಲಿಂದ ಶುರುವಾಯಿತು ಎಂದು ಬರೆದರೆ ನನ್ನ ವಿದ್ಯಾರ್ಥಿಗಳು "ಮಿಸ್, ಆಧಾರ ಏನು?" ಎಂದು ಕೇಳುತ್ತಾರೆ. ಹಾಗೆ ಕೇಳುವುದನ್ನು ಕಲಿಸಿದವಳು ನಾನೇ. ಆದ್ದರಿಂದ ತಿದ್ದಿಕೊಳ್ಳುತ್ತೇನೆ: ಶುರುವಾಗಿ ವರ್ಷಗಳೇ ಆಗಿದ್ದವು, ನನಗೆ ಗೊತ್ತಾದದ್ದು ಅವತ್ತು. ಕೆ.ಆರ್. ನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಹೇಳುವ ಪಾಠ ಅರ್ಥಶಾಸ್ತ್ರ, ಹಿಡಿದಿರುವ ಹುಚ್ಚು ಚರ್ಚಾಸ್ಪರ್ಧೆ. ಅವತ್ತು ನಮ್ಮ ಹುಡುಗಿಯರು ಪಿರಿಯಾಪಟ್ಟಣದಲ್ಲಿ ಗೆದ್ದು ಬಂದಿದ್ದರು. ಬಸ್ ಸ್ಟ್ಯಾಂಡಿನ ಪಕ್ಕದ ಗಾಡಿಯಲ್ಲಿ ನಾನೇ ಕೊಡಿಸಿದ್ದು. ಅವರೆಲ್ಲ ಇಡಿಯಿಡಿಯಾಗಿ ಬಾಯಿಗಿಟ್ಟುಕೊಳ್ಳುತ್ತಿದ್ದರೆ ನನ್ನ ಪೂರಿ ಮುಂದಿನ ಹಲ್ಲಿಗೆ ತಗುಲಿ ಒಡೆದು ಪಾನಿಯೆಲ್ಲ ಚೂಡಿದಾರದ ಮೇಲೆ ಚೆಲ್ಲಿತು. ಇನ್ನೊಂದು ತೆಗೆದುಕೊಂಡೆ. ಅದೂ ಅಷ್ಟೇ. ಒಳಗೆ ಹೋದ ನಾಲ್ಕು ಹನಿಗೇ ಕೆನ್ನೆಯ ಒಳಮೈ ಕೆಂಡ ಇಟ್ಟಂತೆ ಉರಿಯಿತು.

"ಮಿಸ್, ಬಾಯಿ ದೊಡ್ಡದಾಗಿ ತೆಗೀರಿ ಮಿಸ್," ಎಂದಳು ಕಾವ್ಯ. ತಂಡದ ಮೊದಲ ಭಾಷಣಕಾರ್ತಿ.

"ತೆಗ್ದಿದೀನಲ್ಲೇ."

"ಎಲ್ಲಿ ತೆಗ್ದಿದೀರಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಒಂದು ನೆನಪಾಯಿತು. ಶಿಕ್ಷಕರ ದಿನಾಚರಣೆಯಲ್ಲಿ ಇದೇ ಕಾವ್ಯ ನನ್ನ ಅಣಕು ಮಾಡಿದ್ದಳು. ಹಲ್ಲು ಬಿಡಿಸದೆ, ತುಟಿಯನ್ನಷ್ಟೇ ಆಡಿಸುತ್ತ, "ಮಾನ್ಯ ತೀರ್ಪುಗಾರರೇ, ಎದುರಾಳಿಗಳು ಮರೆತ ಅಂಶ ಏನೆಂದರೆ..." ಅಂದಾಗ ಸಭೆ ಬಿದ್ದು ಬಿದ್ದು ನಕ್ಕಿತ್ತು. ನನಗೊಂದು ಶೈಲಿ ಇದೆ, ಅದನ್ನು ಹುಡುಗರು ಗುರುತಿಸಿದ್ದಾರೆ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಅದು ಶೈಲಿಯಾಗಿರಲಿಲ್ಲ. ನನ್ನ ಬಾಯಿ ಮುಚ್ಚಿಕೊಳ್ಳುತ್ತ ಬಂದಿತ್ತು. ನನ್ನನ್ನು ಬಿಟ್ಟು ಇಡೀ ಕಾಲೇಜು ಅದನ್ನು ನೋಡಿತ್ತು.

ಕೆ.ಆರ್. ನಗರದ ದಂತವೈದ್ಯರು ನನ್ನ ಬಾಯಿಗೆ ಬ್ಯಾಟರಿ ಬಿಟ್ಟು ಎರಡೂ ಕೆನ್ನೆಯ ಒಳಮೈ ಒತ್ತಿ ನೋಡಿದರು. ಆಮೇಲೆ, "ನಿಮ್ಮದೇ ಮೂರು ಬೆರಳು ಜೋಡಿಸಿ, ನೆಟ್ಟಗೆ ನಿಲ್ಲಿಸಿ ಬಾಯಲ್ಲಿಡಿ" ಎಂದರು. ಎರಡು ಹೋದವು. ಮೂರನೆಯದು ಹಲ್ಲಿನ ಆಚೆಯೇ ಉಳಿಯಿತು.

"ಎಷ್ಟು ವರ್ಷದಿಂದ ಹಾಕ್ತಿದೀರಾ?"

"ಏನನ್ನ? ನಾನು ಹೊಗೆಸೊಪ್ಪು ಮುಟ್ಟಿದವಳೇ ಅಲ್ಲ ಡಾಕ್ಟ್ರೇ."

"ಹೊಗೆಸೊಪ್ಪು ನಾನು ಕೇಳ್ಲಿಲ್ಲ. ಅಡಿಕೆ?"

"ಅಡಿಕೆ... ಅದನ್ನ ಎಲ್ಲರೂ ಹಾಕ್ತಾರಲ್ಲ."

ಎಲ್ಲರೂ ಮಾಡುತ್ತಾರೆ ಎಂಬುದು ವಾದವಲ್ಲ ಎಂದು ಮಕ್ಕಳ ಅಂಕ ಕತ್ತರಿಸುವವಳು ನಾನು.

ನಮ್ಮ ಕಡೆಯ ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಹುಣಸೂರಿನ ಹಾಸ್ಟೆಲಿನಲ್ಲಿ ಓದುವಾಗ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ವಾಸನೆಯಲ್ಲೇ ಪರೀಕ್ಷೆಗೆ ಕೂತವಳು ನಾನು. ಕೆಟ್ಟದ್ದು ಅಂದರೆ ಅದೊಂದೇ ಎಂದು ನಮಗೆಲ್ಲ ತಲೆಯಲ್ಲಿ ಕೂತಿದೆ. ಹೊಗೆಸೊಪ್ಪು ಒಂದಿಲ್ಲದಿದ್ದರೆ ಬಾಯಲ್ಲಿರುವ ಮಿಕ್ಕಿದ್ದೆಲ್ಲ ಮಡಿ. ಅಡಿಕೆಯನ್ನಂತೂ ದೇವರ ಮುಂದೆ ಇಡುತ್ತೇವೆ, ಮದುವೆ ಮಾತಿಗೆ ಇಡುತ್ತೇವೆ. ವೇದಿಕೆ ಹತ್ತುವ ಮುಂಚೆ ನನಗೆ ಬಾಯಿ ಒಣಗುತ್ತಿತ್ತು. ಒಂದು ಚಿಟಿಕೆ ಸಿಹಿ ಸುಪಾರಿ ಎಡಗೆನ್ನೆಗೆ ಒತ್ತರಿಸಿಕೊಂಡರೆ ನೀರೂರುತ್ತಿತ್ತು, ಮಾತು ಜಾರಿಕೊಂಡು ಬರುತ್ತಿತ್ತು. ಎಂಟು ವರ್ಷ. ಸಾಧಾರಣ ದಿನಕ್ಕೆ ನಾಲ್ಕೈದು ಪೊಟ್ಟಣ, ಸ್ಪರ್ಧೆಯ ದಿನ ಲೆಕ್ಕವಿಲ್ಲ. ತಂಬಾಕು ಇಲ್ಲ ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು, ಅದೇ ನನ್ನ ಆಧಾರ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಡಿಕೆ ಜಗಿಯುವುದರ ಬಗ್ಗೆಯೂ ಒಂದು ಎಚ್ಚರಿಕೆ ಇತ್ತು. ಕೊನೇ ಸಾಲಿನವರೆಗೂ ಓದಿ ಎಂದು ಮಕ್ಕಳಿಗೆ ಹೇಳುವ ನಾನು ಅದನ್ನು ಓದಿದ್ದು ವೈದ್ಯರ ಮೆಟ್ಟಿಲಿಳಿದ ಮೇಲೆ.

ಬಾಯಿ ಬಿಗಿದಿರುವುದು ಒಂದು ಕಷ್ಟವಾದರೆ, ಎಡಗೆನ್ನೆಯ ಹಿಂಭಾಗದಲ್ಲಿ ಬೆಳ್ಳಗಿನ ಒಂದು ಮಚ್ಚೆ ಇತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕೊಡಬೇಕು, ಮೈಸೂರಿಗೆ ಹೋಗಿ, ಮುಂದೂಡಬೇಡಿ ಎಂದರು.

"ಕ್ಯಾನ್ಸರ್ರಾ?"

"ಅಲ್ಲ ಅಂತಲೂ ಹೇಳಲ್ಲ, ಹೌದು ಅಂತಲೂ ಹೇಳಲ್ಲ."

ಪರವೂ ಅಲ್ಲದ, ವಿರೋಧವೂ ಅಲ್ಲದ ಮಾತಿನ ಎದುರು ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ನಮ್ಮೂರು ಚುಂಚನಕಟ್ಟೆಯ ಹತ್ತಿರ, ನಾಲೆಯ ದಂಡೆಯಲ್ಲಿ. ಅವ್ವ ವಿಷಯ ಕೇಳಿ ಮೊದಲು ಮಾಡಿದ ಕೆಲಸ ಬಾಗಿಲು ಮುಂದೆ ಮಾಡಿದ್ದು.

"ಬಾಯಿ ಕಾಯ್ಲೆ ಅಂತ ಯಾರ್ಗೂ ಏಳ್ಬ್ಯಾಡ ಕಣೇ. ದವಡೆ ಹಲ್ಲು ಕೀಳಿಸ್ಬೇಕು ಅನ್ನು."

"ಸುಳ್ಳು ಯಾಕವ್ವ?"

"ವಾದ ಮಾಡ್ಬ್ಯಾಡ. ವಾದ ಮಾಡಿ ಮಾಡೇ ಬಾಯಿ ಇಂಗಾಗಿರದು."

ಅವ್ವನ ಸುಳ್ಳು ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಸುತ್ತಿ, ಪಕ್ಕದ ಮನೆಯ ಸಾಕಮ್ಮ ಸೆರಗಿನ ತುದಿಯಲ್ಲಿ ಲವಂಗ ಕಟ್ಟಿಕೊಂಡು ಬಂದರು. "ಹಲ್ಲಿಗೆ ಒತ್ತಿಡು ಕೂಸೇ, ನೋವು ಎಳ್ಕತದೆ." ಇಲ್ಲದ ಹಲ್ಲುನೋವಿಗೆ ಬಂದ ಆ ಲವಂಗ ನನ್ನ ಕೆನ್ನೆಯನ್ನು ಸುಟ್ಟಿತು. ಆದರೆ ಅವರು ಹೋದ ಮೇಲೆ ನಾನು ಅತ್ತದ್ದು ಉರಿಗಲ್ಲ.

ಅಪ್ಪ ನೀರುಗಂಟಿ. ನಾಲೆಯ ತೂಬು ತೆಗೆಯುವುದು, ಹಾಕುವುದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಎಲೆ, ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಮೂರೂ ಸೇರಿ ಅವರ ಬಲಗೆನ್ನೆ ನಾನು ಹುಟ್ಟಿದಾಗಿನಿಂದ ಉಬ್ಬಿಕೊಂಡೇ ಇದೆ. ನಾನು ಹೇಳುವುದನ್ನೆಲ್ಲ ಕೇಳಿ, ಕಾಲು ತೊಳೆದು ಬಂದು, ಒಂದೇ ಪ್ರಶ್ನೆ ಕೇಳಿದರು.

"ಯಾವತ್ತು ಓಗ್ಬೇಕು?"

"ಸೋಮವಾರ."

"ನಾನೂ ಬತ್ತೀನಿ."

ಅವ್ವ ಬೆರಗಾಗಿ ನೋಡಿದಳು. ಅಪ್ಪ ರಜೆ ಹಾಕುವವರಲ್ಲ. ಗಳಿಕೆ ರಜೆಯನ್ನು ಬಳಸದೆ ಕೂಡಿಟ್ಟರೆ ನಿವೃತ್ತಿಯ ದಿನ ಅದೂ ಸಂಬಳವಾಗಿ ಕೈಗೆ ಬರುತ್ತದೆ ಎಂದು ಒಂದೊಂದು ದಿನವನ್ನೂ ಹುಂಡಿಗೆ ಹಾಕಿದಂತೆ ಹಾಕಿದವರು. ಕಣ್ಣಿನ ಪೊರೆ ತೆಗೆಸುವುದು ರಿಟೈರ್ ಆದಮೇಲೆ. ಮಿರ್ಲೆಯ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವುದು ರಿಟೈರ್ ಆದಮೇಲೆ. ವಯಸ್ಸಿನಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡ ಮೈ ಅದು. ಆದರೂ ಎಲ್ಲೇ ಕುಸ್ತಿ ಇಟ್ಟರೂ, "ಆಮ್ಯಾಕೆ ಬುಡು, ರಿಟೈರ್ ಆದ್ಮ್ಯಾಲೆ ಮುಂದಿನ್ ಸಾಲಲ್ಲೇ ಕೂತ್ಕಂಡು ನೋಡ್ತೀನಿ" ಎನ್ನುತ್ತಿದ್ದರು. ಬದುಕೂ ನಾಲೆಯ ನೀರಿನ ಹಾಗೆ, ಸರದಿ ಬಂದೇ ಬರುತ್ತದೆ ಎಂದು ಅವರ ನಂಬಿಕೆ. ನಾನು ಇದನ್ನು ಬೇಕಾದಷ್ಟು ಸಲ ಗೇಲಿ ಮಾಡಿದ್ದೇನೆ.

ಗೇಲಿಗಿಂತ ಕೆಟ್ಟದ್ದನ್ನೂ ಮಾಡಿದ್ದೇನೆ. ಪದವಿಯ ಕೊನೆಯ ವರ್ಷ ಹುಣಸೂರಿನಲ್ಲಿ ಒಂದು ಸ್ಪರ್ಧೆ. ವಿಷಯ: ದುಶ್ಚಟದಿಂದ ಆರೋಗ್ಯ ಕೆಡಿಸಿಕೊಂಡವರು ಸಮಾಜಕ್ಕೆ ಹೊರೆ. ಅದಕ್ಕೆ ಹಿಂದಿನ ತಿಂಗಳು ಬೇರೊಂದು ಕಡೆ ಇದರ ಪರವಾಗಿ ಮಾತಾಡಿ, ಅಂಥವರು ತಮ್ಮ ಚಿಕಿತ್ಸೆಯನ್ನು ತಾವೇ ನೋಡಿಕೊಳ್ಳಲಿ ಎಂದು ಗುಡುಗಿ ಬಹುಮಾನ ತಂದಿದ್ದೆ. ಹುಣಸೂರಿನಲ್ಲಿ ಚೀಟಿ ಎತ್ತಿದಾಗ ವಿರೋಧ ಬಂತು. ಹೊಸ ವಾದ ಹೊಳೆಯಿತು. "ತೀರ್ಪುಗಾರರೇ, ಕಡ್ಡಿಪುಡಿ ಅಗಿದು ಅಗಿದು ನಿವೃತ್ತಿಗೆ ಮುಂಚೆಯೇ ಸಾಯುವ ನೌಕರ ಸರ್ಕಾರಕ್ಕೆ ಪಿಂಚಣಿ ಉಳಿಸಿ ಹೋಗುತ್ತಾನೆ. ಅವನು ಹೊರೆಯಲ್ಲ, ದಾನಿ!" ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ. ಅವತ್ತು ಮೊದಲ ಸಲ ನನ್ನ ಭಾಷಣ ಕೇಳಲು ಅಪ್ಪ ಬಂದಿದ್ದರು, ಕೊನೆಯ ಸಾಲಿನಲ್ಲಿ, ಕೆನ್ನೆ ಉಬ್ಬಿಸಿಕೊಂಡು. ವಾಪಸು ಬಸ್ಸಿನಲ್ಲಿ, "ಎಲ್ರೂ ತಟ್ಟುದ್ರು ಕಣವ್ವ. ನಾನೂವೆ ತಟ್ದೆ" ಎಂದರು. ನನಗೆ ಆಗ ಏನೂ ಅನ್ನಿಸಲಿಲ್ಲ, ಕಪ್ ತೊಡೆಯ ಮೇಲಿತ್ತು.

ಆಡಿದ್ದು ಏನೆಂದು ಅನ್ನಿಸಿದ್ದು ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ. ಆ ಸಾಲಿನಲ್ಲಿ ಕೂತವರೆಲ್ಲರೂ ನನ್ನ ಭಾಷಣದ ಉದಾಹರಣೆಗಳು. ಬಾಯಿಗೆ ಟವೆಲ್ ಒತ್ತಿಕೊಂಡವರು, ಕೆನ್ನೆಗೆ ಹತ್ತಿ ಅಂಟಿಸಿಕೊಂಡವರು. ನನ್ನ ಕೈಯಲ್ಲೂ ಅವರ ಕೈಯಲ್ಲಿದ್ದಂಥದೇ ಚೀಟಿ. ಪಕ್ಕದಲ್ಲಿ ಕೂತಿದ್ದಾಕೆ ಬೊಮ್ಮಿ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವಳು. ಕಾಫಿ ಕೊಯ್ಲಿನ ಕಾಲಕ್ಕೆ ಗಂಡನ ಜೊತೆ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಅವಳ ಬಾಯಲ್ಲಿ ಹುಣ್ಣಾಗಿ ಮೂರು ತಿಂಗಳು.

"ಮೊದ್ಲೇ ಬಿಡ್ಬೇಕು ಅನ್ನಿಸ್ಲಿಲ್ವಾ ಅಕ್ಕ?" ಎಂದೆ. ಭಯದಲ್ಲೂ ಉಪದೇಶ ಬಿಡಲಿಲ್ಲ ನೋಡಿ.

"ಬೆಳಿಗ್ಗೆ ಗಂಜಿ ಕುಡ್ದು ತೋಟಕ್ಕೆ ಹೋದ್ರೆ ಸಂಜೆಗೇ ಊಟ. ಮಧ್ಯಾಹ್ನ ಹೊಟ್ಟೆ ಕೂಗ್ತದೆ. ಅಡ್ಕೆ ಹಾಕಂಡ್ರೆ ಸುಮ್ನಾಯ್ತದೆ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು: "ನೀನ್ಯಾಕೆ ಹಾಕ್ತಿದ್ದೆ? ನಿಂಗೂ ಊಟ ಇರ್ಲಿಲ್ವಾ?"

"ಭಾಷಣ ಮಾಡಕ್ಕೆ ಅಕ್ಕ."

ಅವಳು ಅದನ್ನು ಗಂಡನ ಕಿವಿಯಲ್ಲಿ ಹೇಳಿದಳು. ಇಬ್ಬರೂ ನಕ್ಕರು. ಅವಳಿಗೆ ನಕ್ಕರೆ ನೋವು. ಟವೆಲಿನಿಂದ ಬಾಯಿ ಒತ್ತಿಕೊಂಡೇ ನಕ್ಕಳು.

ಸಮಾಜಕ್ಕೆ ಹೆಚ್ಚು ನಷ್ಟ ಯಾರಿಂದ ಎಂದು ಈಗ ಯಾರಾದರೂ ಚರ್ಚೆಗೆ ಕರೆದರೆ ನಾನು ಬೊಮ್ಮಿಯಿಂದ ಶುರು ಮಾಡುತ್ತೇನೆ. ಅವಳ ಹುಣ್ಣಿಗೆ ಕೊಡುವ ಔಷಧಿಯನ್ನು ಖರ್ಚು ಎಂದು ಬರೆದುಕೊಳ್ಳುತ್ತೇವೆ. ಅವಳಿಗೆ ಕೊಡದೇ ಹೋದ ಮಧ್ಯಾಹ್ನದ ಊಟಗಳನ್ನು ಉಳಿತಾಯ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಅವಳ ಚಟ ಅವಳದೇ ಆಯ್ಕೆ ಎನ್ನುವವರು ಅವಳು ಕೊಯ್ದ ಕಾಫಿಯನ್ನು ಕುಡಿಯುತ್ತಲೇ ಹಾಗೆನ್ನುತ್ತಾರೆ. ನನ್ನದು ನಿಜವಾಗಿ ಆಯ್ಕೆಯೇ, ಒಪ್ಪುತ್ತೇನೆ. ಆದರೂ ಆ ಬೆಂಚಿನಲ್ಲಿ ಕೂತು, ಇವಳಿಗೆ ಚಿಕಿತ್ಸೆ ಕೊಡಿ, ನನಗೆ ಬೇಡ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಯಾರಿಗೂ ಬರುವುದಿಲ್ಲ. ಆ ವಾದವನ್ನು ಬಾಯಿ ಸರಿ ಇರುವವರಷ್ಟೇ ಮಾಡಬಹುದು.

ಕೆನ್ನೆಗೆ ಸೂಜಿ ಚುಚ್ಚಿ ಅಕ್ಕಿಕಾಳಿನಷ್ಟು ಚೂರು ತೆಗೆದರು, ಎರಡು ಹೊಲಿಗೆ ಹಾಕಿದರು. ಎಂಟು ದಿನ ಬಿಟ್ಟು ಬನ್ನಿ ಎಂದರು.

ಆ ಎಂಟು ದಿನಗಳ ಬಗ್ಗೆ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ನಾಲಿಗೆ ತಾನಾಗಿಯೇ ಹೋಗಿ ಹೊಲಿಗೆಯನ್ನು ಮುಟ್ಟಿ ಬರುತ್ತಿತ್ತು, ನಿಮಿಷಕ್ಕೊಂದು ಸಲ, ಮಚ್ಚೆ ದೊಡ್ಡದಾಯಿತೇ ಎಂದು. ತರಗತಿಯಲ್ಲಿ ಅವಕಾಶ ವೆಚ್ಚದ ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿ ನಿಂತವಳು, ಬರೆಯಬೇಕಾದ ವಾಕ್ಯ ಮರೆತು ಹಾಗೇ ನಿಂತುಬಿಟ್ಟೆ. ಹೆದರಿಕೆಯಾದಾಗಲೆಲ್ಲ ಕೈ ಬ್ಯಾಗಿನ ಪಕ್ಕದ ಜೇಬಿಗೆ ಹೋಗುತ್ತಿತ್ತು, ಸುಪಾರಿಗೆ. ಹೆದರಿಕೆ ತಂದದ್ದೂ ಅದೇ, ಹೆದರಿಕೆಗೆ ಬೇಕಾಗುತ್ತಿದ್ದದ್ದೂ ಅದೇ. ಜೇಬಿಗೆ ಪಿನ್ನು ಹಾಕಿ ಮುಚ್ಚಿದೆ. ಕೆನ್ನೆಯನ್ನೇ ತೆಗೆದುಹಾಕಿದವರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದೆ, ನೋಡಬಾರದು ಎಂದು ಗೊತ್ತಿದ್ದೂ. ಸಾವಿಗಿಂತ ಹೆಚ್ಚಾಗಿ ನನಗಿದ್ದ ಭಯ ಇನ್ನೊಂದು: ನಾನು ಬದುಕಿದ್ದು, ಮಾತು ಮಾತ್ರ ಹೋಗಿಬಿಟ್ಟರೆ? ಮಾತಲ್ಲದೆ ನನ್ನಲ್ಲಿ ಬೇರೆ ಏನಿದೆ?

ಅವ್ವ ಎಂಟು ದಿನವೂ ಮುದ್ದೆಯನ್ನು ತೆಳ್ಳಗೆ ಮಾಡಿ, ಸಾರಿಗೆ ಖಾರ ಹಾಕದೆ, ತಾನೂ ಅದನ್ನೇ ಉಂಡಳು. "ನಂಗೂ ಖಾರ ಆಗಾಕಿಲ್ಲ ಈಗೀಗ" ಎಂದಳು. ಅದೂ ದವಡೆ ಹಲ್ಲಿನಂಥದೇ ಸುಳ್ಳು. ಈ ಸಲ ನಾನು ವಾದ ಮಾಡಲಿಲ್ಲ.

ಒಂಬತ್ತನೆಯ ದಿನ ಮತ್ತೆ ಅದೇ ಬೆಂಚು, ಪಕ್ಕದಲ್ಲಿ ಅಪ್ಪ. ವರದಿ ಇನ್ನೂ ಮೇಲೆ ಬಂದಿಲ್ಲ, ಕಾಯಿರಿ ಎಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಕಿರಿಯ ವೈದ್ಯೆಯೊಬ್ಬರು ಹೊರಗೆ ಬಂದವರು ಅಪ್ಪನ ಕೆನ್ನೆ ನೋಡಿ ನಿಂತರು.

"ಯಜಮಾನ್ರೇ, ಹೆಂಗೂ ಬಂದಿದೀರಾ. ನಿಮ್ಮ ಬಾಯೂ ಒಂದ್ಸಲ ನೋಡ್ಬಿಡೋಣ ಬನ್ನಿ."

"ನಂದು ಬುಡಿ ಡಾಕ್ಟ್ರಮ್ಮ. ರಿಟೈರ್ ಆದ್ಮ್ಯಾಲೆ ನೋಡುಸ್ಕತೀನಿ."

ನನ್ನೊಳಗಿದ್ದ ಎಂಟು ದಿನದ ಭಯವೆಲ್ಲ ಅವರ ಮೇಲೆ ತಿರುಗಿತು. ಬಿಗಿದ ಬಾಯಲ್ಲೇ, ಇಡೀ ಸಾಲು ಕೇಳುವಂತೆ ಹೇಳಿದೆ: "ರಿಟೈರ್ ಆದ್ಮೇಲೆ ನೀವಿರ್ತೀರಾ ಅಂತ ಯಾರು ಬರ್ಕೊಟ್ಟಿದಾರೆ? ರಜೆ ಕೂಡಿಟ್ರಿ, ಕುಸ್ತಿ ಕೂಡಿಟ್ರಿ, ಕಣ್ಣು ಕೂಡಿಟ್ರಿ. ಕೂಡಿಟ್ಟಿದ್ದನ್ನ ಯಾರು ಬಂದು ಬದುಕ್ತಾರೆ ಅಪ್ಪ?"

ಅಪ್ಪ ಎದ್ದರು. ಬಾಯಲ್ಲಿದ್ದದ್ದನ್ನು ಉಗಿದು, ಮುಕ್ಕಳಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ನನ್ನ ವಾದ ಗೆದ್ದಿತು ಎಂದುಕೊಂಡೆ.

ಹತ್ತು ನಿಮಿಷಕ್ಕೆ ವಾಪಸು ಬಂದರು. ವೈದ್ಯೆ ಹಿಂದೆಯೇ ಬಂದು, "ಕಲೆ ಬಿಟ್ರೆ ಏನೂ ಇಲ್ಲ. ಮೂರು ಬೆರಳು ಆರಾಮಾಗಿ ಹೋಗುತ್ತೆ. ಆದ್ರೆ ಇವತ್ತೇ ಬಿಡ್ಬೇಕು, ವರ್ಷಕ್ಕೊಂದ್ಸಲ ಬಂದು ತೋರಿಸ್ಬೇಕು" ಎಂದರು.

ನಲವತ್ತು ವರ್ಷ ಕಡ್ಡಿಪುಡಿ ಅಗಿದ ಬಾಯಿ. ಏನೂ ಇಲ್ಲ. ಎಂಟು ವರ್ಷ ತಂಬಾಕಿಲ್ಲದ ಸುಪಾರಿ ಹಾಕಿದ ನನ್ನ ಬಾಯಿ ಎರಡು ಬೆರಳು. ತಪ್ಪಿಗೆ ತಕ್ಕ ಶಿಕ್ಷೆ ಎಂಬ ಲೆಕ್ಕದ ಮೇಲೆ ನಾನು ಎಷ್ಟು ಭಾಷಣ ಕಟ್ಟಿದ್ದೆನೋ, ಎಲ್ಲವೂ ಅಲ್ಲೇ ಬಿದ್ದವು. ಅಪ್ಪ ಪಾರಾದರು ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಕ್ಷಣ ನನ್ನ ಮನಸ್ಸಿಗೆ ಬಂದ ಮಾತು ಇದು: ಇವರ ಬಾಯಲ್ಲಿ ಇರಬೇಕಾಗಿತ್ತು, ನನ್ನ ಬಾಯಲ್ಲಲ್ಲ. ಎರಡು ಸಲ ಬಂತು. ನನ್ನ ಮುಖ ಕಾಣಬಾರದೆಂದು ಚೀಟಿಯನ್ನು ಓದುವವಳಂತೆ ತಲೆ ತಗ್ಗಿಸಿದೆ.

ಒಂದೂಕಾಲಿಗೆ ಕರೆದರು. ಕ್ಯಾನ್ಸರ್ ಅಲ್ಲ. ಅಲ್ಲ ಎಂಬ ಮಾತಿನ ಹಿಂದೆಯೇ ಒಂದು 'ಆದರೆ' ಬಂತು: ಮುಂದೆ ಹಾಗೆ ತಿರುಗಬಹುದಾದ ಸ್ಥಿತಿ, ಮೂರು ತಿಂಗಳಿಗೊಮ್ಮೆ ಬರಬೇಕು, ಬಿಗಿದದ್ದು ಪೂರ್ತಿ ಸಡಿಲವಾಗುವುದಿಲ್ಲ. ಅವ್ವನಿಗೆ ಫೋನ್ ಮಾಡಿದೆ. ಅವಳು "ಅಲ್ವಂತಾ? ಅಲ್ವಂತಾ?" ಎಂದು ಐದಾರು ಸಲ ಕೇಳಿ, ಆಮೇಲೆ ಗಟ್ಟಿಯಾಗಿ, ಬೀದಿಗೆ ಕೇಳುವಂತೆ, "ಹಲ್ಲು ಸರಿಯಾಯ್ತಂತೆ ಕಣ್ರೀ!" ಎಂದಳು.

ಈಗ ಒಂದು ವರ್ಷವಾಯಿತು. ಕೆನ್ನೆಗೆ ಇಂಜೆಕ್ಷನ್ನುಗಳಾದವು. ದಿನಾ ಬೆಳಿಗ್ಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ಮಧ್ಯೆ ತೂರಿಸಿ ಕೂರುತ್ತೇನೆ. ಹದಿನಾಲ್ಕರಿಂದ ಹತ್ತೊಂಬತ್ತಕ್ಕೆ ಬಂದಿದ್ದೇನೆ. ಇಪ್ಪತ್ತನೆಯದು ಇನ್ನೂ ಒಪ್ಪಿಲ್ಲ. ಕಾವ್ಯ ಮತ್ತು ಅವಳ ಗುಂಪಿಗೆ ಎಲ್ಲವನ್ನೂ ಹೇಳಿದೆ. ಅವಳು ಅಣಕು ಮಾಡಿದ್ದಕ್ಕೆ ಅತ್ತಳು. ನೀನೇ ಮೊದಲು ಕಂಡುಹಿಡಿದವಳು ಎಂದೆ. ಅಪ್ಪ ಕಡ್ಡಿಪುಡಿ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟಿದ್ದಾರೆ. ರಜೆ ಹಾಕಿ ಪಿರಿಯಾಪಟ್ಟಣದ ಕುಸ್ತಿಗೆ ನನ್ನನ್ನೂ ಕರೆದೊಯ್ದು, ಎದ್ದೆದ್ದು ಕೂಗಿ ಗಂಟಲು ಕಟ್ಟಿಸಿಕೊಂಡರು. ತಪಾಸಣೆಯ ವಾರ ಬಂದರೆ ನನಗೆ ಈಗಲೂ ಊಟ ಸೇರುವುದಿಲ್ಲ. ಇದನ್ನು ಓದುವ ಯಾರಾದರೂ ಕನ್ನಡಿಯ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡಿದರೆ, ಬರೆದದ್ದಕ್ಕೆ ಅಷ್ಟು ಸಾಕು. ಮೂರನೆಯದು ಹೋಗದಿದ್ದರೆ, ನೀವೊಬ್ಬರೇ ಅಲ್ಲ. ಆ ಬೆಂಚಿನಲ್ಲಿ ಜಾಗ ಮಾಡಿಕೊಡುವವರಿದ್ದಾರೆ.

ಆ ಕೆಟ್ಟ ಮಾತನ್ನು ಮಾತ್ರ ಒಳಗಿಟ್ಟುಕೊಂಡಿದ್ದೆ. ಮೂರನೆಯ ತಪಾಸಣೆಗೆ ಹೋಗುವಾಗ, ಬಸ್ಸು ಇಲವಾಲ ದಾಟುತ್ತಿದ್ದಂತೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿಬಿಟ್ಟೆ.

"ಅಪ್ಪ, ಅವತ್ತು ನಿಮ್ಗೆ ಏನೂ ಇಲ್ಲ ಅಂದಾಗ, ನಿಮ್ಗೇ ಇರ್ಬೇಕಿತ್ತು ಅನ್ಕೊಂಡೆ. ನಂಗ್ ಬದ್ಲು."

ಬಸ್ಸು ಒಂದು ಹಂಪು ಹಾರಿತು. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಅವತ್ತು ಡಾಕ್ಟ್ರಮ್ಮನ್ ಇಂದೆ ನಾನ್ಯಾಕ್ ಒಳೀಕ್ ಓದೆ ಅನ್ಕಂಡಿದೀಯಾ? ನೀನ್ ವಾದ ಮಾಡ್ದೆ ಅಂತಾವಾ?"

"ಮತ್ತೆ?"

"ಒಂದ್ ಮನೇಲಿ ಇಬ್ರಿಗೆ ಬರಾಕಿಲ್ಲ ಅನ್ಕಂಡೆ. ನನ್ ಬಾಯಲ್ಲಿ ಸಿಕ್ಬುಟ್ರೆ ನಿಂದು ಏನೂ ಇಲ್ಲ ಅಂತ ಆಯ್ತದಲ್ಲಾ ಅಂತವ."

ಇಂಥ ತರ್ಕಕ್ಕೆ ನಾನು ಸೊನ್ನೆ ಕೊಡುತ್ತೇನೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಆಧಾರ ಎಲ್ಲಿ ಎಂದು ಬರೆಯುತ್ತೇನೆ. ಅವತ್ತು ಅವರ ತೋಳಿಗೆ ತಲೆ ಆನಿಸಿದೆ. ಅಪ್ಪ ಕಂಬಿಯಿಂದ ಕೈ ತೆಗೆಯದೆ ಹೇಳಿದರು:

"ಆ ಇಸ್ಯದಲ್ಲಿ ನಾನೂ ನಿನ್ ಪರನೇ ಕಣವ್ವ."